ಸತ್ತ ಬೋರಿಗೆ ಬಿಟ್ಟ ನೀರು

ಆನೆಕೊಂಡ, ದಾವಣಗೆರೆ
3 ಆಗಸ್ಟ್ 2025

ಅಪ್ಪಾ,

ನಮ್ಮ ಮನೆಯ ಪಾಯಿಖಾನೆಯ ನೀರನ್ನು ನಾವು ನಸೀಮಾ ಚಾಚಿಯ ಕುಡಿಯುವ ನೀರಿಗೆ ಬಿಡುತ್ತಿದ್ದೇವೆ. ಇದು ತಪ್ಪು. ಇದನ್ನು ಬೇರೆ ಯಾವ ಮಾತಿನಿಂದಲೂ ಮೆತ್ತಗೆ ಮಾಡಲು ಬರುವುದಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮಿಲ್ಲಿನ ಸದ್ದಿಗೆ ನಿನ್ನ ಕಿವಿ ಮಂದವಾದ ಮೇಲೆ ನೀನು ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತೀ. ನಿನ್ನ ಮಂಚ ಇರುವುದು ಕಾಂಪೌಂಡ್ ಗೋಡೆಯ ಪಕ್ಕ. ಗೋಡೆಯ ಆಚೆ ಚಾಚಿಯ ಅಡುಗೆಮನೆ. ಹಾಗಾಗಿ ದಾವಣಗೆರೆಯಿಂದ ಹರಿಹರಕ್ಕೆ, ಬಸ್ಸು ಹತ್ತಿದರೆ ಒಂದು ನಿದ್ದೆಯೂ ಬಾರದಷ್ಟು ದೂರಕ್ಕೆ, ಪತ್ರ ಬರೆಯುತ್ತಿದ್ದೇನೆ.

ಪಂಚಮಿಗೆ ಬಂದಿದ್ದೆನಲ್ಲ. ಅವ್ವ ಶೇಂಗಾ ಉಂಡಿ ಕಟ್ಟುತ್ತಿದ್ದಳು. ನಾನು ಹಿತ್ತಲಿಗೆ ಹೋದೆ, ಇಂಗುಗುಂಡಿ ನೋಡುವ ಆಸೆಯಿಂದ. ಅದು ನನ್ನ ಗುಂಡಿ. ಹೋದ ವರ್ಷ ನಮ್ಮ ಪ್ರೆಸ್ಸಿಗೆ ಅಚ್ಚಿಗೆ ಬಂದ ಕರಪತ್ರ ಓದಿ, ಫೇಲಾದ ನಮ್ಮ ಬೋರಿನ ಸುತ್ತ ತೋಡಿಸಿದ್ದು ನಾನು. ಕೇಸಿಂಗ್ ಪೈಪಿಗೆ ಪ್ಲಂಬರ್ ಮಾಲತೇಶಣ್ಣ ತೂತು ಕೊರೆಯುವಾಗ ಬಿಸಿಲಲ್ಲಿ ಪಕ್ಕದಲ್ಲೇ ನಿಂತಿದ್ದೆ. ಕಲ್ಲು, ಜಲ್ಲಿ, ಮರಳು ತುಂಬಿಸಿ, ತಾರಸಿಯ ಮಳೆನೀರು ಅದರೊಳಗೆ ಇಳಿಯುವುದನ್ನು ನೋಡಿ ಕುಣಿದಿದ್ದೆ. ಭೂಮಿಗೆ ನೀರು ಕುಡಿಸುವ ಮನೆ ನಮ್ಮದು ಎಂದು ಓಣಿಯ ಕಂಬಕ್ಕೆಲ್ಲ ಚೀಟಿ ಅಂಟಿಸಿದ್ದೆ. ದಪ್ಪ ಅಕ್ಷರದಲ್ಲಿ: “ಉಚ್ಚಂಗೆಪ್ಪನವರ ಮನೆಯ ಮಾದರಿ”.

ಈ ಸಲ ಮರಳು ಕಪ್ಪಾಗಿತ್ತು. ಮಳೆ ಬಿಟ್ಟು ವಾರವಾಗಿದ್ದರೂ ಒದ್ದೆ. ವಾಸನೆ ಯಾವುದೆಂದು ಬರೆಯಬೇಕಾಗಿಲ್ಲ. ಸೆಪ್ಟಿಕ್ ಟ್ಯಾಂಕಿನ ಬಾಯಿಂದ ಹೊಸ ಪೈಪೊಂದು ನೇರ ಬಂದು ನನ್ನ ಗುಂಡಿಗೆ ಇಳಿದಿತ್ತು.

“ಅವ್ವಾ, ಇದೇನಿದು?” ಎಂದೆ.

“ಮಾಲತೇಶ ಕೂಡಿಸಿ ಹೋದ ಕಣೆ. ಮಳೆ ಬಂದ್ರೆ ಟ್ಯಾಂಕು ಉಕ್ಕಿ ಅಂಗಳಕ್ಕೆ ಬರ್ತಿತ್ತಲ್ಲ, ಈಗ ನೋಡು, ಒಂದು ಹನಿ ಇಲ್ಲ. ಬೋರು ಎಲ್ಲಾ ಕುಡಿದುಬಿಡ್ತೈತೆ” ಎಂದಳು. ಅದೆಷ್ಟು ಸಂತೋಷದಿಂದ ಹೇಳಿದಳು. ಉಂಡಿ ತಿಂದು ಬಸ್ಸು ಹತ್ತಿ ಬಂದೆ.

ನಾನು ಓದಿದ ಒಂದು ಕರಪತ್ರದಲ್ಲಿ ಸುಣ್ಣಕಲ್ಲಿನ ಸೀಮೆಗಳ ವಿಷಯವಿತ್ತು. ಅಲ್ಲಿ ನೆಲದಡಿಯ ಕಲ್ಲನ್ನು ನೀರೇ ಕರಗಿಸಿ ಗವಿ ಮಾಡಿರುತ್ತದೆ. ಒಂದೂರಿನ ಹೊಂಡಕ್ಕೆ ಬಿಟ್ಟ ಕೊಳಚೆ ಮಣ್ಣಿನಲ್ಲಿ ಸೋಸಿಕೊಳ್ಳದೆ, ಆ ಗವಿಗಳಲ್ಲಿ ಓಡಿ ಮತ್ತೊಂದೂರಿನ ಚಿಲುಮೆಯಲ್ಲಿ ಏಳುತ್ತದೆ. ನಮ್ಮದು ಸುಣ್ಣಕಲ್ಲಲ್ಲ, ಗಟ್ಟಿ ಬಂಡೆ ಎಂದು ನಾನು ನೆಮ್ಮದಿಯಾಗಿದ್ದೆ. ಆದರೆ ಅಪ್ಪಾ, ಬಂಡೆಯಲ್ಲಿ ಸೀಳುಗಳಿವೆ. ಬೋರಿನಲ್ಲಿ ನೀರು ಸಿಗುವುದೇ ಆ ಸೀಳಿನಲ್ಲಿ. ಅಲ್ಲಿ ನೀರು ಕೊರೆದ ಗವಿ, ಇಲ್ಲಿ ನಾವು ಕೊರೆದ ಬೋರು. ಮಣ್ಣಿನ ಕೈಗೂ ಸಿಗದ ಹಾಗೆ ಹೊಲಸನ್ನು ಕೆಳಗೆ ಮುಟ್ಟಿಸುವ ದಾರಿ ನಾವೇ ಮಾಡಿಕೊಟ್ಟಿದ್ದೇವೆ. ಚಾಚಿಯ ಬೋರು ಗೋಡೆಯ ಆಚೆಗಿದೆ. ಆ ಸೀಳು ಗೋಡೆ ನೋಡುವುದಿಲ್ಲ.

ನಮ್ಮ ಬೋರು ನಿಂತ ದಿನ ಗೋಡೆಯ ಮೇಲಿಂದ ಪೈಪು ಎಸೆದು ಅವ್ವನಿಗೆ “ಹಿಡ್ಕೊಳ್ಳ್ರಿ ತಿಮ್ಮಕ್ಕ, ಬಿಂದಿಗೆ ಹೊತ್ತು ಎಲ್ಲಿಗೆ ಹೋಗ್ತೀರಿ” ಎಂದವಳು ಚಾಚಿ. ಗೇಟಿನ ಹೊರಗೆ ಓಣಿಗೆಲ್ಲ ನಲ್ಲಿ ಇಟ್ಟವಳೂ ಅವಳೇ.

ಈ ಪತ್ರ ಮುಟ್ಟಿದ ದಿನವೇ ಪೈಪು ಕೀಳಿಸು. ಅದೇ ದಿನ ಚಾಚಿಗೆ ಹೇಳು.

ನಿನ್ನ ಮಗಳು
ಭಾಗ್ಯಲಕ್ಷ್ಮಿ

*

ಹರಿಹರ
9-8-2025

ಚಿ. ಭಾಗ್ಯಳಿಗೆ,

ಇತ್ತ ಎಲ್ಲ ಕ್ಷೇಮ ಅಂತ ಬರೆಯಲು ಹೋದೆ. ನಿನ್ನ ಪತ್ರ ಓದಿದ ಮೇಲೆ ಆ ಮಾತು ಪೆನ್ನಿನಿಂದ ಇಳಿಯಲಿಲ್ಲ.

ನೀನು ಬರೆದದ್ದೆಲ್ಲ ಸರಿ ಇರಬಹುದು. ಆದರೆ ಪಂಚಾಯ್ತಿ ಕಟ್ಟೆ ಮೇಲೆ ನಿಲ್ಲಿಸಿದ ಹಾಗೆ ತಂದೆಗೆ ಬರೀತಾರಾ? ಪೈಪು ಹಾಕಿಸಿದ್ದು ನಾನು, ಒಪ್ಪಿದೆ. ಗುಂಡಿ ತೋಡಿಸಿದ್ದು ಯಾರು? ಇಲ್ಲಿರೋದು ಎರೆ ಮಣ್ಣು, ಒಂದು ಮಳೆಗೆ ಉಬ್ಬಿ ಬಾಯಿ ಮುಚ್ಚುತ್ತೆ, ನೀರು ಎಳೆಯಲ್ಲ. ಟ್ಯಾಂಕು ಉಕ್ಕಿ ಓಣಿಗೆ ಹರಿದರೆ ಎದುರು ಮನೆಯವರ ಬೈಗುಳ. ಟ್ಯಾಂಕಿನ ಹೊಲಸು ಎಳೆದು ತುಂಬಿಕೊಂಡು ಹೋಗುವ ಗಾಡಿ ನಮ್ಮ ಓಣಿ ತಿರುವಿನಲ್ಲಿ ತಿರುಗಲ್ಲ. ಒಳಚರಂಡಿ ಬರುತ್ತೆ ಬರುತ್ತೆ ಅಂತ ನೀನು ಹೈಸ್ಕೂಲಿನಲ್ಲಿದ್ದಾಗಿಂದ ಕೇಳ್ತಾ ಇದೀನಿ.

ಮಾಲತೇಶ ಏನಂದ ಗೊತ್ತಾ? “ಅಣ್ಣಾ, ಮಳೆ ನೀರು ಬರೋದು ನಾಕು ತಿಂಗ್ಳು. ಉಳಿದ ದಿನ ಗುಂಡಿ ಸುಮ್ನೆ ಕುಂತಿರ್ತೈತೆ. ಇದನ್ನೂ ಬಿಡಾಣ. ಮರಳು ಎಲ್ಲಾ ಸೋಸ್ತೈತೆ ಅಂತ ನಿಮ್ಮ ಭಾಗ್ಯಾನೇ ಚೀಟಿಯಾಗೆ ಹಾಕಿಲ್ವಾ?” ಅಂದ. ನಾನು ನಂಬಿದೆ. ಮಗಳು ಅಚ್ಚು ಹಾಕಿಸಿದ್ದು ಸುಳ್ಳಾಗುತ್ತಾ ಅಂತ ನಂಬಿದೆ.

ಇನ್ನೊಂದು ವಿಷಯ. ನಿನ್ನ ಚೀಟಿ ನೋಡಿ ಓಣಿಯಲ್ಲಿ ಇನ್ನೂ ನಾಲ್ಕು ಮನೆಯವರು ಸತ್ತ ಬೋರಿಗೆ ಗುಂಡಿ ಮಾಡಿಸಿದರು. ನಾಲ್ಕರಲ್ಲೂ ಮಾಲತೇಶ ಹೀಗೇ ಕೂಡಿಸಿದ್ದಾನೆ. ‘ಉಚ್ಚಂಗೆಪ್ಪನ ಮಾದರಿ’ ಅಂತಾನೇ ಅದಕ್ಕೆ ಹೆಸರು.

ನಿನ್ನ ಪತ್ರವನ್ನು ನಿಮ್ಮವ್ವನಿಗೆ ಬಚ್ಚಲಲ್ಲಿ ನಿಂತು ಓದಿ ಹೇಳಿದೆ, ಮೆಲ್ಲಗೆ. ಆವತ್ತೇ ಕೊಡ, ಬಿಂದಿಗೆ ಎಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಈಗ ಮೂಲೆ ಅಂಗಡಿಯಿಂದ ಕ್ಯಾನ್ ನೀರು ತರಿಸ್ತಾ ಇದೀವಿ. ನಮ್ಮ ಬಗ್ಗೆ ಚಿಂತೆ ಮಾಡಬ್ಯಾಡ.

ನಸೀಮಮ್ಮನಿಗೆ ಹೇಳ್ತೀನಿ. ಆದರೆ ಈಗ ಹೆಂಗೆ ಹೇಳಲಿ? ಹುಮಾ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಏಳು ತಿಂಗಳು ತುಂಬಿದೆ. ಅವಳು ಮದುವೆಯಾಗಿ ಹೋದ ಮೇಲೆ ಆ ಮನೆಯಲ್ಲಿ ನಗು ಕೇಳದೆ ಎಷ್ಟು ದಿನ ಆಗಿತ್ತು, ನಿನಗೂ ಗೊತ್ತು. ಹೆರಿಗೆ ಒಂದು ಆಗಲಿ. ಮಾಲತೇಶ ಉಕ್ಕಡಗಾತ್ರಿ ಕಡೆ ಕೆಲಸ ಹಿಡಿದಿದ್ದಾನೆ, ಬಂದ ಮೇಲೆ ಪೈಪು ತೆಗೆಸ್ತೀನಿ.

ಆಶೀರ್ವಾದಗಳೊಂದಿಗೆ,
ನಿಮ್ಮಪ್ಪ
ಉಚ್ಚಂಗೆಪ್ಪ

*

ಆನೆಕೊಂಡ
13 ಆಗಸ್ಟ್ 2025

ಅಪ್ಪಾ,

ಕ್ಯಾನ್ ನೀರು!

ನಿನ್ನ ಪತ್ರದಲ್ಲಿ ಎಲ್ಲವನ್ನೂ ಕ್ಷಮಿಸಬಹುದು, ಆ ಒಂದು ಸಾಲು ಬಿಟ್ಟು. ಪೈಪು ಕೂಡಿಸುವಾಗ ನಿನಗೆ ತಿಳಿದಿರಲಿಲ್ಲ. ಗುಂಡಿ ತೋಡಿಸುವಾಗ ನನಗೂ ತಿಳಿದಿರಲಿಲ್ಲ. ಅಲ್ಲಿಯವರೆಗೆ ನಾವು ದಡ್ಡರು. ಆ ಕ್ಯಾನು ನಮ್ಮ ಹೊಸಿಲು ದಾಟಿ ಒಳಗೆ ಬಂತಲ್ಲ, ಆ ಗಳಿಗೆಯಿಂದ ನಾವು ತಿಳಿದೂ ಮಾಡುವವರು. ನಾವು ಮೂರು ಜನ ಬದುಕಿಕೊಂಡೆವು. ಗೋಡೆಯ ಆಚೆ ಒಬ್ಬ ಬಸುರಿ ಅದೇ ನೀರು ಕುಡಿಯುತ್ತಿದ್ದಾಳೆ. ಅವಳು ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಹತ್ತನೇ ತರಗತಿ ಮುಗಿಸಿದವಳು.

ಹೆರಿಗೆ ಆಗಲಿ ಎನ್ನುತ್ತೀ. ಹೆರಿಗೆಯ ಮುಂಚೆಯೇ ಅಲ್ಲವೇ ಹೇಳಬೇಕಾದ್ದು? ನಾಲ್ಕು ಮನೆ ಎನ್ನುತ್ತೀ. ಆ ಸಾಲು ಓದಿದಾಗಿನಿಂದ ಪ್ರೆಸ್ಸಿನಲ್ಲಿ ಯಾವ ಕರಪತ್ರದ ಪ್ರೂಫ್ ಕೈಗೆ ಬಂದರೂ ಪ್ರತಿ ಸಾಲನ್ನೂ ಎರಡೆರಡು ಸಲ ಓದುತ್ತೇನೆ.

ನಿನಗೆ ಬಾಯಿ ಕಟ್ಟಿದರೆ ಬೇಡ. ಶನಿವಾರ ನಾನೇ ಬರುತ್ತೇನೆ. ನಿಮ್ಮನ್ನು ಕೇಳದೆ ನೇರ ಚಾಚಿಯ ಮನೆಗೆ ಹೋಗುತ್ತೇನೆ. ಸತ್ಯ ಹೇಳಲು ನನಗೆ ಒಳ್ಳೆಯ ದಿನ ನೋಡಬೇಕಾಗಿಲ್ಲ.

ಭಾಗ್ಯಲಕ್ಷ್ಮಿ

*

ಆನೆಕೊಂಡ
24 ಆಗಸ್ಟ್ 2025

ಅಪ್ಪಾ,

ಶನಿವಾರ ಬಂದಿದ್ದೆ. ನಿಮ್ಮ ಬಾಗಿಲು ದಾಟಿ ಮುಂದೆ ಹೋದದ್ದನ್ನು ಅವ್ವ ಕಿಟಕಿಯಿಂದ ನೋಡಿರಬೇಕು. ಅಲ್ಲಿಂದ ಹೊರಗೆ ಬಂದವಳು ನಿಮ್ಮ ಕಡೆ ತಿರುಗದೆ ಬಸ್ಸು ಹತ್ತಿದೆ. ಎಂಟು ದಿನದಿಂದ ಈ ಪತ್ರ ಬರೆಯಲು ಕೂತು ಏಳುತ್ತಿದ್ದೇನೆ.

ಹುಮಾ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಪಾದ ಊದಿದ್ದವು, ಮುಖ ತುಂಬಿಕೊಂಡಿತ್ತು. ನನ್ನನ್ನು ಕಂಡದ್ದೇ, “ಬಾರೇ ಹೋರಾಟಗಾರ್ತಿ, ಈ ಸಲ ಯಾವ ಕರಪತ್ರ ತಂದಿದ್ದಿ? ಮಕ್ಕಳು ಹೆರಬಾರದು ಅಂತ ಏನಾದ್ರೂ ಐತೇನು?” ಎಂದು ನಕ್ಕಳು. ನನಗೂ ನಗು ಬಂತು. ಹೇಳಬೇಕಾದ ಮಾತು ಆ ನಗುವಿನ ಹಿಂದೆ ಒಂದು ಹೆಜ್ಜೆ ಸರಿಯಿತು.

ಚಾಚಿ ನೀರು ತಂದಳು. ಆ ದೊಡ್ಡ ಸ್ಟೀಲಿನ ಲೋಟ, ತುಳುಕುವಷ್ಟು.

“ಬೇಡ ಚಾಚಿ” ಎಂದೆ. “ಶ್ರಾವಣ ಶನಿವಾರ. ಉಪವಾಸ.”

ಇದು ನನ್ನ ಬಾಯಿಂದಲೇ ಬಂತು ಅಪ್ಪಾ. ಹುಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಮ್ಮೀ, ಕೇಳಿದ್ಯಾ? ದೇವರೇ ಇಲ್ಲ ಅಂತ ಇಡೀ ಕ್ಲಾಸಿಗೆ ಭಾಷಣ ಹೊಡೆದೋಳು ಉಪವಾಸ ಅಂತೆ! ಅದೂ ನೀರೂ ಕುಡಿಯದ ಉಪವಾಸ! ಇದು ನಮ್ಮ ರೋಜಾ ಆಯ್ತಲ್ಲೇ, ನೀನ್ ಯಾವಾಗ ನಮ್ಮ ಕಡೆ ಸೇರ್ಕೊಂಡಿ?”

ಚಾಚಿ ನಗಲಿಲ್ಲ. “ಬಿಡು ಹುಮಾ, ಬಲವಂತ ಮಾಡಬ್ಯಾಡ” ಎಂದು ಲೋಟ ಕೆಳಗಿಟ್ಟು ನನ್ನ ಪಕ್ಕ ಕೂತಳು. ಸೆರಗಿನ ತುದಿಯನ್ನು ಮಡಚಿ ಬಿಚ್ಚಿ ಮಾಡಿದಳು. ಆಮೇಲೆ ಕೇಳಿದಳು: “ಭಾಗ್ಯಾ, ಒಂದು ಮಾತು ಕೇಳ್ಲೇನಮ್ಮ? ನಿಮ್ಮ ಮನೇಲೀಗ ನಮ್ಮ ನೀರು ತಗಳ್ಳಲ್ಲ. ಕ್ಯಾನ್ ಬರ್ತೈತೆ. ಪೈಪು ಸುತ್ತಿ ಗೋಡೆ ಮೇಲೆ ಇಟ್ಟಾರೆ ತಿಮ್ಮಕ್ಕ. ಯಾರಾದ್ರೂ ಏನಾದ್ರೂ ಅಂದ್ರಾ ನಿಮ್ಮಪ್ಪಗೆ? ಸಾಬರ ಮನೆ ನೀರು ಯಾಕ ಕುಡೀತೀರಿ ಅಂತ? ಕಾಲ ಹಂಗೈತೆ, ನಂಗೊತ್ತು. ಬೇಜಾರಿಲ್ಲ. ನಮ್ಮಿಂದೇನಾದ್ರೂ ತಪ್ಪಾಗಿದ್ರೆ ಹೇಳ್ರಿ ಅಂತ ಅಷ್ಟೇ.”

ಒಂದು ವಾಕ್ಯ ಸಾಕಿತ್ತು. ‘ನಿಮ್ಮ ನೀರು ಒಲ್ಲೆವೆಂದಲ್ಲ ಚಾಚಿ, ಅದರೊಳಗೆ ನಮ್ಮ ಹೊಲಸಿದೆ.’ ಬಸ್ಸಿನಲ್ಲಿ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ನಾನು ಹೇಳಿದ್ದು, “ಹಂಗೇನಿಲ್ಲ ಚಾಚಿ.” ಅಷ್ಟೇ. ಕೆಟ್ಟ ಮನಸ್ಸಿನವರು ಎಂದುಕೊಂಡರೂ ಪರವಾಗಿಲ್ಲ, ಹೊಲಸು ಮಾಡಿದವರು ಎಂದುಕೊಳ್ಳಬಾರದು. ಆ ಹೊತ್ತಿಗೆ ನನ್ನೊಳಗೆ ಗೆದ್ದದ್ದು ಇದೇ.

ಹೊರಡಲು ಎದ್ದೆ. ಹುಮಾ, “ಸುಮ್ನೆ ಚೆಲ್ಲಬಾರದು” ಎಂದು ನನಗೆ ತಂದಿಟ್ಟ ಲೋಟ ಎತ್ತಿ ತಾನು ಕುಡಿದಳು. ಪೂರ್ತಿ. ನಾನು ಚಪ್ಪಲಿ ಹಾಕಿಕೊಳ್ಳುತ್ತಾ ಅವಳ ಗಂಟಲನ್ನೇ ನೋಡುತ್ತಿದ್ದೆ.

ಗೇಟಿನ ನಲ್ಲಿಯಿಂದ ಒಂದು ಬಾಟಲಿ ಹಿಡಿದು ತಂದು ಇಲ್ಲಿ ಪರೀಕ್ಷೆಗೆ ಕೊಟ್ಟೆ. ನಿನ್ನೆ ತಿಳಿಯಿತು. ಮಲದ ಕ್ರಿಮಿ ಇದೆ, ಇದು ಕುಡಿಯುವ ನೀರೇ ಅಲ್ಲ ಎಂದರು.

ಇದನ್ನೂ ನಿನಗೇ ಬರೆಯುತ್ತಿದ್ದೇನೆ, ಹುಮಾಗೆ ಅಲ್ಲ. ನೋಡಿದೆಯಾ ನಿನ್ನ ಮಗಳ ಧೈರ್ಯ? ದಯವಿಟ್ಟು ನೀನು ಹೇಳು ಅಪ್ಪಾ. ಇವತ್ತೇ.

ಭಾಗ್ಯ

*

ಹರಿಹರ
12-9-2025

ಚಿ. ಭಾಗ್ಯಳಿಗೆ,

ಹುಮಾಗೆ ಕಾಮಾಲೆ ಆಗಿದೆ. ನಾಲ್ಕು ದಿನದಿಂದ ವಾಂತಿ ಅಂತಿದ್ದರು, ಬಸುರಿಗೆ ಸಹಜ ಅಂದುಕೊಂಡಿದ್ದರಂತೆ. ನಿನ್ನೆ ಕಣ್ಣು ಹಳದಿ ತಿರುಗಿತು. ಗಂಡ ಮುದಸ್ಸಿರ್ ಬಂದು ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದ. ನೀನು ಹೋಗಿ ನೋಡು. ಏನು ಬೇಕೋ ಮಾಡು.

ಅವರ ಆಟೋ ತಿರುವು ದಾಟಿದ ಮೇಲೆ ನಾನು ಹಿತ್ತಲಿಗೆ ಹೋಗಿ ಗರಗಸ ತಗೊಂಡು ಪೈಪು ಕೊಯ್ದು ಹಾಕಿದೆ. ಮಾಲತೇಶನಿಗೆ ಕಾಯಲಿಲ್ಲ. ಕೊಯ್ಯುವುದು ಎಷ್ಟು ಹೊತ್ತಿನ ಕೆಲಸ ಅಂತೀಯಾ? ನಿಮ್ಮವ್ವ ಒಲೆ ಮೇಲೆ ಇಟ್ಟ ಹಾಲು ಉಕ್ಕುವಷ್ಟರಲ್ಲಿ ಮುಗಿಯಿತು. ಇಷ್ಟಕ್ಕೆ ಒಂದು ತಿಂಗಳು ತಗೊಂಡೆ.

ನಸೀಮಮ್ಮ ನಿನ್ನನ್ನು ಕೇಳಿದ ಮಾತು, ಅದನ್ನ ನನ್ನನ್ನೂ ಗೋಡೆ ಮೇಲಿಂದ ಕೇಳಿದ್ದಳು. ನೀನು ಬರುವ ಮುಂಚೆಯೇ. ನಾನು ಕೇಳಿಸದವನ ಹಾಗೆ ದನಿ ಬಂದ ಕಡೆ ನೋಡಿ, ತಲೆ ಆಡಿಸಿ ಒಳಗೆ ಬಂದೆ. ಎಲ್ಲ ಕೇಳಿಸಿತ್ತು.

ಇನ್ನೂ ಹೇಳಿಲ್ಲ. ಆ ತಾಯಿ ಆಸ್ಪತ್ರೆ ಬಾಗಿಲಲ್ಲಿ ಕೂತಿರುವಾಗ ಹೆಂಗೆ ಹೇಳಲಿ.

ನಿಮ್ಮಪ್ಪ

*

ದಾವಣಗೆರೆ
20 ಸೆಪ್ಟೆಂಬರ್ 2025

ಅಪ್ಪಾ,

ಹುಮಾ ಬದುಕಿದ್ದಾಳೆ. ಮೊನ್ನೆ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು. ದಿನ ತುಂಬದ ಕೂಸು, ಗಾಜಿನ ಪೆಟ್ಟಿಗೆಯಲ್ಲಿದೆ, ಉಸಿರಾಡುತ್ತಿದೆ. ಮೊದಲು ಇಷ್ಟು ತಿಳಿಸಿದೆ. ಇನ್ನು ಉಳಿದದ್ದು.

ಡಾಕ್ಟರಮ್ಮ ಚಾಚಿಯನ್ನು ಕೇಳಿದರು, ಎಲ್ಲಿಯ ನೀರು ಕುಡಿಯುತ್ತೀರಿ ಎಂದು. “ನಮ್ಮದೇ ಬೋರಮ್ಮ, ಓಣಿಗೆಲ್ಲ ಅದೇ ನೀರು, ಸಿಹಿ ನೀರು” ಎಂದಳು ಚಾಚಿ. ನಾನು ಪಕ್ಕದಲ್ಲೇ ನಿಂತಿದ್ದೆ. ಓಣಿಯ ಕೊನೆಯ ಮನೆಯ ಬಾಡಿಗೆಯವನಿಗೆ ಬೇಸಿಗೆಯ ಕೊನೆಗೆ ಕಾಮಾಲೆ ಆಗಿದ್ದು ನೆನಪಾಯಿತು. ಅವನ ಮನೆಯ ಗುಂಡಿಯೂ ನನ್ನ ಚೀಟಿ ನೋಡಿ ಮಾಡಿಸಿದ್ದೇ.

ಡಾಕ್ಟರಮ್ಮ ಹೊರಟಾಗ ಹಿಂದೆ ಹೋಗಿ ಹೇಳಿದೆ: “ಮೇಡಂ, ಆ ಬೋರಿಗೆ ಸಂಡಾಸಿನ ನೀರು ಸೇರುತ್ತಿದೆ. ನಾನು ಪರೀಕ್ಷೆ ಮಾಡಿಸಿದ್ದೇನೆ.” ಯಾರ ಸಂಡಾಸು ಎಂದು ಹೇಳಲಿಲ್ಲ. ಅರ್ಧ ಹೇಳಿದರೂ ಹೇಳಿದಂತೆ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡಿದ್ದೆ.

ಆ ಅರ್ಧ ಮಾತು ಮುದಸ್ಸಿರನ ತಾಯಿ ಮಾಬೂಬೀ ಅವರ ಕಿವಿಗೆ ಬಿತ್ತು. ವಾರ್ಡಿನ ಬಾಗಿಲಲ್ಲೇ ಚಾಚಿಯನ್ನು ಹಿಡಿದರು.

“ನಿಮ್ಮ ಸಂಡಾಸಿನ ನೀರು ನಿಮ್ಮ ಬೋರಿಗೇ ಹೋಗ್ತದಾ? ಅದನ್ನ ನನ್ನ ಸೊಸೆಗೆ ಕುಡಿಸಿದ್ರಾ? ತವರು ಅಂತ ಕಳಿಸಿದ್ವಿ, ಮೋರಿಗೆ ಕಳಿಸ್ದಂಗಾಯ್ತಲ್ಲ!”

“ಇಲ್ಲ ಮಾಬೂಬೀ, ಅಲ್ಲಾನಾಣೆ, ನಮ್ಮ ಸಂಡಾಸು ಮುಂದ್ಗಡೆ ಐತೆ, ಬೋರು ಹಿಂದ್ಗಡೆ…”

“ಮತ್ತೆ ಎಲ್ಲಿಂದ ಬಂತು? ಆಕಾಶದಿಂದ ಉದುರಿತಾ?”

ಎಲ್ಲಿಂದ ಬಂತೋ ಅದನ್ನು ಬಲ್ಲವಳು ಕೈಯಲ್ಲಿ ಗಂಜಿಯ ಫ್ಲಾಸ್ಕು ಹಿಡಿದು ನಿಂತಿದ್ದೆ. ಹೊರಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಚಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಮಾಡಿದವರು ನಾವು, ತಲೆ ತಗ್ಗಿಸಿದ್ದು ಅವಳು. ಅವಳ ಬೆನ್ನ ಮೇಲೆ ಕೈ ಇಟ್ಟೆ. ಅದಕ್ಕೆ ಅವಳು “ನೀನೊಬ್ಬಳಾದ್ರೂ ಬಂದ್ಯಲ್ಲಮ್ಮ” ಎಂದಳು.

ಇನ್ನು ಮುಂದೆ ಕುದಿಸಿ ಕುಡಿಯಿರಿ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಹಾಗಾದರೆ ಇನ್ನು ನಾವು ಹೇಳುವ ಅಗತ್ಯವೇನಿದೆ ಎಂದು ಆಗಲೇ ನನ್ನ ತಲೆಯೊಳಗೆ ಯಾರೋ ಕೇಳಿದರು. ಆ ದನಿ ನಿನ್ನದು ಎಂದು ಬರೆಯಲು ಹೊರಟಿದ್ದೆ. ಅದು ನನ್ನದೇ.

ಭಾಗ್ಯ

*

ದಾವಣಗೆರೆ
8 ಅಕ್ಟೋಬರ್ 2025

ಭಾಗ್ಯಾ,

ಮುದಸ್ಸಿರ್ ನಿಮ್ಮ ಪ್ರೆಸ್ ಕಡೆ ಬರ್ತಾರಂತೆ, ಅವರ ಕೈಲಿ ಈ ಚೀಟಿ ಕೊಡ್ತಿದೀನಿ. ಫೋನಲ್ಲಿ ಅಮ್ಮಿ ವಿಷಯ ಎತ್ತಿದರೆ ಅತ್ತೆ ಮುಖ ಗಂಟು ಹಾಕ್ಕೊಳ್ತಾರೆ. ನನ್ನ ಅಕ್ಷರ ಇನ್ನೂ ಕಾಗೆ ಕಾಲೇ, ನಗಬೇಡ.

ನಾನು ಎದ್ದು ಓಡಾಡ್ತಿದೀನಿ. ಮಗು ಪೆಟ್ಟಿಗೆಯಿಂದ ಹೊರಗೆ ಬಂದಿದೆ. ಬೆರಳು ಕೊಟ್ಟರೆ ಹಿಡ್ಕೊಂಡು ಬಿಡೋದೇ ಇಲ್ಲ, ನಿನ್ನ ಥರ ಹಟ.

ಅತ್ತೆ ಹೇಳಿಬಿಟ್ಟಿದ್ದಾರೆ, ಇನ್ನು ತವರಿಗೆ ಕಳಿಸಲ್ಲ ಅಂತ. ಮಗು ಆ ಮನೆ ನೀರು ಮುಟ್ಟಕೂಡದಂತೆ. ಅಮ್ಮಿ ನೋಡೋಕೆ ಬಂದರೆ ಬಾಗಿಲ ಹತ್ತಿರಾನೇ ಕೂರ್ತಾಳೆ, ಮಗು ಎತ್ಕೋ ಅಂದರೆ ಕೈ ತೊಳ್ಕೊಂಡು ಬರ್ತೀನಿ ಅಂತ ಎದ್ದು ಹೋಗ್ತಾಳೆ, ಎಷ್ಟು ಸಲ ತೊಳೀತಾಳೋ. ಊರಲ್ಲಿ ಸಂಪು ತೊಳೆಸಿದಾಳೆ. ನಮ್ಮ ಸಂಡಾಸಿನ ಗುಂಡಿ ಒಡೆಸಿ ನೋಡಿದಾಳೆ, ಎಲ್ಲೂ ಸೋರಿಲ್ಲವಂತೆ. ಗೇಟಿನ ನಲ್ಲಿಗೆ ಬೀಗ ಹಾಕಿದಾಳೆ. ಅದಕ್ಕೆ ಓಣಿಯವರು, ಮಗಳು ಹೆತ್ತದ್ದೇ ನಸೀಮಾಗೆ ಸೊಕ್ಕು ಬಂತು ಅಂತಿದಾರೆ.

ನೀನು ನೀರಿನ ಬಗ್ಗೆ ಅಷ್ಟೆಲ್ಲ ಓದಿದ್ದೀಯ. ಒಂದು ಸಲ ನಮ್ಮ ಮನೆಗೆ ಹೋಗಿ ನೋಡ್ತೀಯಾ, ಅಮ್ಮಿಯ ತಪ್ಪು ಎಲ್ಲಿ ಅಂತ? ಅದು ಗೊತ್ತಾದರೆ ಸರಿ ಮಾಡಿಸ್ತಾಳೆ, ಅತ್ತೆಗೂ ಹೇಳಬಹುದು. ಗೊತ್ತಾಗದೇ ಅಮ್ಮಿ ದಿನಾ ಇಷ್ಟಿಷ್ಟೇ ಕರಗ್ತಿದಾಳೆ.

ನಿನ್ನ
ಹುಮಾ

*

ಆನೆಕೊಂಡ
10 ಅಕ್ಟೋಬರ್ 2025

ಅಪ್ಪಾ,

ಹುಮಾಳ ಪತ್ರ ಇದರ ಜೊತೆ ಇಟ್ಟಿದ್ದೇನೆ. ಓದು. ಅವ್ವನಿಗೂ ಓದಿ ಹೇಳು, ಈ ಸಲ ಬಚ್ಚಲಿನಲ್ಲಿ ಬೇಡ.

ಅವಳಿಗೆ ಉತ್ತರ ಬರೆದೆ. ಬರೆದು ಓದಿದರೆ ಅದು ಕರಪತ್ರದಂತಿತ್ತು. ಬಂಡೆಯ ಸೀಳು, ಒಳಚರಂಡಿ, ಎರೆ ಮಣ್ಣು, ಆಡಳಿತದವರ ನಿರ್ಲಕ್ಷ್ಯ, ಎಲ್ಲ ಇತ್ತು. ನಾವು ಮಾಡಿದ್ದು ಆರನೇ ಸಾಲಿನಲ್ಲಿ ಬಂತು. ಹರಿದು ಹಾಕಿದೆ.

ನಾನು ಒಬ್ಬಳೇ ಹೇಳಿದರೆ ಹುಮಾಗೆ ತಿಳಿಯುತ್ತದೆ, ಚಾಚಿಗೆ ತಿಳಿಯುತ್ತದೆ. ಆ ನಾಲ್ಕು ಪೈಪು ಮಾತ್ರ ಹಾಗೇ ಇರುತ್ತವೆ. ಪ್ರೆಸ್ಸಿನ ಹುಡುಗಿಯ ಮಾತಿಗೆ ಓಣಿಯಲ್ಲಿ ಯಾರೂ ಪೈಪು ಕೀಳುವುದಿಲ್ಲ. ನಿನ್ನ ಮಾತಿಗೆ ಕಿತ್ತಾರು. ಹಾಗೆಂದು ನಿನಗೆ ಕಾಯುತ್ತಾ ಕೂರುವುದೂ ಒಂದು ನೆಪವೇ, ಅದು ನನಗೆ ಗೊತ್ತು. ದೀಪಾವಳಿ ಮುಗಿಯುವವರೆಗೆ ಕಾಯುತ್ತೇನೆ. ಆಮೇಲೆ ಹುಮಾಗೆ ಬರೆಯುತ್ತೇನೆ, ಮೊದಲನೇ ಸಾಲಿನಲ್ಲೇ.

ನಿನ್ನನ್ನು ಹೆದರಿಸುತ್ತಿಲ್ಲ ಅಪ್ಪಾ. ನನ್ನ ಕೈಲಿ ಒಂಟಿಯಾಗಿ ಆಗುತ್ತಿಲ್ಲ.

ಭಾಗ್ಯ

*

ಹರಿಹರ
23-10-2025

ಚಿ. ಭಾಗ್ಯಳಿಗೆ,

ಪೋಸ್ಟಿಗೆ ಹಾಕಿದರೆ ತಡವಾದೀತು ಅಂತ ಮಾಲತೇಶನ ಕೈಲಿ ಕೊಟ್ಟು ಕಳಿಸ್ತಾ ಇದೀನಿ. ಅವನಿಗೆ ಎಲ್ಲ ಹೇಳಿದ್ದೇನೆ. ಅವನಿಗೆ ಏನೂ ಅನ್ನಬ್ಯಾಡ, ಆಗಲೇ ಅರ್ಧ ಆಗಿದ್ದಾನೆ.

ಹುಮಾಳ ಪತ್ರವನ್ನು ನಿಮ್ಮವ್ವನಿಗೆ ಅಡುಗೆಮನೆಯಲ್ಲಿ ಓದಿ ಹೇಳಿದೆ. ಅವಳು ಕೈಯಲ್ಲಿದ್ದ ಹಿಟ್ಟು ಹಾಗೇ ಬಿಟ್ಟು, “ನೀವು ಹೋಗ್ತೀರೋ, ನಾ ಹೋಗ್ಲೋ” ಅಂದಳು. ಮದುವೆಯಾದಾಗಿಂದ ನನಗೆ ಹಿಂಗೆ ಮಾತಾಡಿದವಳಲ್ಲ.

ನಿನಗೆ ಒಂದು ಹೇಳಿಲ್ಲ. ಅಣ್ಣ ತಮ್ಮಂದಿರು ನಾವು ಹಳ್ಳಿಯಲ್ಲಿದ್ದಾಗ ಹೋಟೆಲಿನಲ್ಲಿ ನಮಗೆ ಲೋಟ ಕೊಡ್ತಿರಲಿಲ್ಲ. ಬೊಗಸೆ ಒಡ್ಡಬೇಕು, ಮೇಲಿಂದ ಸುರಿಯೋರು. ಹನಿ ಸಿಡಿದರೆ ಸುರಿದವರು ಹಿಂದೆ ಸರಿಯೋರು. ಇಲ್ಲಿಗೆ ಬಂದು ಈ ಜಾಗದಲ್ಲಿ ಗುಡಿಸಲು ಹಾಕಿದ ದಿನ ನಸೀಮಮ್ಮನ ಅತ್ತೆ ಲೋಟವನ್ನು ನನ್ನ ಕೈಗೇ ಕೊಟ್ಟಳು, ಬಾಯಿ ಹಚ್ಚಿ ಕುಡಿಯಪ್ಪ ಅಂದಳು. ನಿನ್ನ ನೀರು ಒಲ್ಲೆ ಅನ್ನಿಸಿಕೊಂಡವನಿಗೆ ಒಳಗೆ ಏನಾಗುತ್ತೆ ಅಂತ ಈ ಓಣಿಯಲ್ಲಿ ನನಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದೂ ಆ ಹೆಣ್ಣುಮಗಳು ಅದನ್ನೇ ಅಂದುಕೊಳ್ಳಲಿ ಅಂತ ಬಿಟ್ಟೆ. ಪೈಪಿನ ವಿಷಯಕ್ಕೆ ನಾಚಿಕೆ ಆಯ್ತು. ಇದು ಅದಕ್ಕಿಂತ ದೊಡ್ಡ ತಪ್ಪು.

ಹಬ್ಬದ ಮೂರೂ ದಿನ ನಾಲ್ಕು ಮನೆ ತಿರುಗಿದೆ. ಕೊನೆ ಮನೆಯವನು, “ನಿನ್ನ ಹೆಸರಿನ ಚೀಟಿ ನೋಡಿ ಮಾಡಿಸಿದ್ದು ಅಣ್ಣಾ, ಈಗ ಬಂದು ಹೊಲಸು ಅಂತೀಯಲ್ಲ” ಅಂತ ಬಾಗಿಲು ಹಾಕಿದ. ಮರುದಿನ ಮತ್ತೆ ಹೋದೆ. ಇನ್ನೊಬ್ಬರು, “ಪೈಪು ತೆಗೆಸ್ತೀವಿ ಮಾರಾಯ, ಆದ್ರೆ ನಸೀಮಮ್ಮನಿಗೆ ಯಾಕ ಹೇಳ್ಬೇಕು? ಹುಡುಗಿ ಹುಷಾರಾದ್ಲಲ್ಲ. ಗಪ್ಪನೆ ತೆಗೆದು ಗಪ್ಪನೆ ಇರಾಣ” ಅಂದರು. ನಾನು ಮೂರು ತಿಂಗಳಿಂದ ನನಗೆ ನಾನೇ ಹೇಳಿಕೊಂಡ ಮಾತು ಅದು, ಬೇರೆಯವರ ಬಾಯಲ್ಲಿ ಕೇಳಿದಾಗ ಎಷ್ಟು ಕೆಟ್ಟದಾಗಿತ್ತು ಅಂತೀಯಾ. ಮೂರು ಮನೆಯವರು ಒಪ್ಪಿದ್ದಾರೆ. ಕೊನೆಯವನು ಬಂದರೆ ಬಂದ.

ಆಮೇಲೆ ನಸೀಮಮ್ಮನ ಗೇಟಿಗೆ ಹೋದೆ. “ಒಂದು ವಿಷಯ ಐತೆ ತಂಗಿ, ಎಲ್ಲರ ಮುಂದೆ ಹೇಳ್ಬೇಕು, ನಿನ್ನ ಬೀಗರನ್ನೂ ಕರಿಬೇಕು” ಅಂದೆ. ಅವಳ ಮುಖ ಬಿಳಿಚಿತು. “ನೀರಿನ ವಿಷ್ಯಾನಾ ಅಣ್ಣಾರ? ನಾನು ಎಲ್ಲಾ ತೊಳಿಸೀನ್ರಿ, ಇನ್ನೊಂದ್ಸಲ ಬೇಕಾದ್ರೂ ತೊಳಿಸ್ತೀನಿ, ಪಂಚಾಯ್ತಿ ಸೇರಿಸಬ್ಯಾಡ್ರಿ” ಅಂತ ಕೈ ಮುಗಿದಳು. ನನಗೆ ಕೈ ಮುಗಿದಳು ಭಾಗ್ಯ. ಅಲ್ಲೇ ಹೇಳಿಬಿಡಲಾ ಅನ್ನಿಸಿತು. ಬಾಯಿ ತೆರೆದೆ. ಆದರೆ ಅವಳ ಮಾನ ಹೋದದ್ದು ಆಸ್ಪತ್ರೆಯಲ್ಲಿ, ಹತ್ತು ಜನರೆದುರು, ಬೀಗರೆದುರು. ಗೇಟಿನ ಹತ್ತಿರ ಅವಳೊಬ್ಬಳಿಗೇ ಪಿಸುಗುಟ್ಟಿದರೆ ಆ ಮಾನ ತಿರುಗಿ ಬರಲ್ಲ. “ನಿಂದೇನೂ ತಪ್ಪಿಲ್ಲ ತಂಗಿ, ಪಂಚಾಯ್ತಿ ನಿನಗಲ್ಲ, ನನಗೆ” ಅಂತ ಹೇಳಿ ಬಂದೆ. ಅವಳಿಗೆ ಅರ್ಥ ಆಗಿಲ್ಲ. ಆದರೆ ಆ ರಾತ್ರಿ ಅವಳಿಗೆ ಸ್ವಲ್ಪ ನಿದ್ದೆ ಬಂದಿರಲಿ ಅಂತ ಆಸೆ.

ಮುದಸ್ಸಿರನಿಗೆ ನಾನೇ ಫೋನ್ ಮಾಡಿದೆ. ತಾಯಿಯನ್ನೂ ಹುಮಾಳನ್ನೂ ಕರೆತರ್ತೀನಿ ಅಂದ. ಮಾಬೂಬೀ ಏನು ಅಂತಾರೋ ಅನ್ನಲಿ. ಪೊಲೀಸರಿಗೆ ಕೊಡ್ತೀನಿ ಅಂದರೂ ನ್ಯಾಯವೇ. ಒಪ್ಪಿದ ಮೂರೂ ಮನೆ ಪೈಪು ಅವರ ಕಣ್ಣೆದುರೇ ಕೊಯ್ಯಿಸ್ತೀನಿ, ಮಾಲತೇಶ ಗರಗಸ ತರ್ತಾನೆ. ಇನ್ನು ಆ ಬೋರು ಯಾವಾಗ ಶುದ್ಧವಾಗುತ್ತೆ, ಆಗುತ್ತೋ ಇಲ್ಲವೋ, ಅದು ನಿನ್ನನ್ನು ಕೇಳ್ತಾರೆ. ಗೊತ್ತಿದ್ದರೆ ಹೇಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು. ಬೇರೆ ಯಾರ ಮೇಲೂ, ಯಾವ ಆಫೀಸಿನ ಮೇಲೂ ಅವತ್ತು ಹಾಕಬ್ಯಾಡ, ಅದಕ್ಕೆ ಬೇರೆ ದಿನ ಇದೆ. ಮೊದಲ ಮಾತು ನಾನಾಡ್ತೀನಿ. ನೀನು ನನ್ನ ಪಕ್ಕದಲ್ಲಿ ನಿಂತಿರಬೇಕು.

ಬರುವ ಭಾನುವಾರ, 26ನೇ ತಾರೀಕು, ಬೆಳಿಗ್ಗೆ ಹನ್ನೊಂದು ಗಂಟೆಗೆ, ನಸೀಮಮ್ಮನ ಅಂಗಳದಲ್ಲಿ.

ನಿಮ್ಮಪ್ಪ
ಉಚ್ಚಂಗೆಪ್ಪ